ಕರೆದರೆ ಓಗೊಡುವ ಲೈಬ್ರರಿ: ಮೇಲುಕೋಟೆಯಿಂದ ಪೈಥಾನಿನವರೆಗೆ

ಡಾಸ್ ಕಾಲದ ಕಂಪ್ಯೂಟರುಗಳಿಗಾಗಿ ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸತ್ತು ‘ಶಾಬ್ದಬೋಧ’ ಎಂಬ ತಂತ್ರಾಂಶವೊಂದನ್ನು ರೂಪಿಸಿತ್ತು. ಸಂಸ್ಕೃತ ವಾಕ್ಯವನ್ನು ಕೊಟ್ಟರೆ ಪದಗಳ ರೂಪ, ಅವುಗಳ ನಡುವಿನ ಸಂಬಂಧ, ಒಟ್ಟು ವಾಕ್ಯಾರ್ಥದ ಕಟ್ಟು ಇವನ್ನು ಬಿಡಿಸಿ ತೋರಿಸುವುದು ಅದರ ಕೆಲಸ. ಇದು ಸಣ್ಣ ಕೆಲಸವಲ್ಲ. ರಾಮನು ಊರಿಗೆ ಹೋಗುತ್ತಾನೆ ಎಂಬಷ್ಟು ಸರಳ ವಾಕ್ಯದಲ್ಲಿ ಕೂಡ ಅರ್ಥದ ಕೇಂದ್ರ ಯಾವುದು ಎಂಬುದನ್ನು ಕುರಿತು ಮೂರು ಶಾಸ್ತ್ರಗಳು ಶತಮಾನಗಳ ಕಾಲ ವಾದ ಮಾಡಿವೆ. ನೈಯಾಯಿಕರು ಪ್ರಥಮಾ ವಿಭಕ್ತಿಯ ಪದದ ಅರ್ಥವನ್ನು ಮುಖ್ಯವೆಂದರು, ವೈಯಾಕರಣರು ಧಾತುವಿನ ಅರ್ಥವನ್ನು, ಮೀಮಾಂಸಕರು ಕ್ರಿಯಾಪದದ ಪ್ರತ್ಯಯದಿಂದ ಹೊಮ್ಮುವ ‘ಭಾವನಾ’ ಎಂಬ ವ್ಯಾಪಾರವನ್ನು. ಇಂಥ ವಿಚಾರವನ್ನು ಯಂತ್ರಕ್ಕೆ ಕಲಿಸಲು ಹೊರಡುವ ಧೈರ್ಯ ಬೆಟ್ಟದ ಮೇಲಿನ ಒಂದು ಸಣ್ಣ ಊರಿಗೆ ಬಂದದ್ದು ಆಕಸ್ಮಿಕವಲ್ಲ. ಅಲ್ಲಿನ ಸಂಸ್ಕೃತ ಪಾಠಶಾಲೆ 1854ರಷ್ಟು ಹಳೆಯದು. ಎಂ.ಎ. ಲಕ್ಷ್ಮೀತಾತಾಚಾರ್ಯರ ಮುಂದಾಳ್ತನದಲ್ಲಿ ಬೆಳೆದ ಸಂಶೋಧನಾ ಸಂಸತ್ತು ಓಲೆಗರಿ ಹಸ್ತಪ್ರತಿಗಳ ಜೊತೆಜೊತೆಗೇ ಕಂಪ್ಯೂಟರನ್ನೂ ಶಾಸ್ತ್ರದ ಉಪಕರಣವೆಂದು ಒಪ್ಪಿಕೊಂಡಿತು. ಕಾಲವೂ ಅದಕ್ಕೆ ಒದಗಿಬಂದಿತ್ತು. ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ 1985ರಲ್ಲಿ ಸಂಸ್ಕೃತ ಶಾಸ್ತ್ರಗಳ ವಾಕ್ಯವಿಶ್ಲೇಷಣೆಗೂ ಕೃತಕ ಬುದ್ಧಿಮತ್ತೆಯ ಜ್ಞಾನನಿರೂಪಣೆಗೂ ಇರುವ ಹೋಲಿಕೆಯನ್ನು ಕುರಿತು ಬರೆದ ಲೇಖನ ಇಲ್ಲಿ ದೊಡ್ಡ ಸಂಚಲನ ಉಂಟುಮಾಡಿತು. ಮರುವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಅದೇ ವಿಷಯದ ಮೇಲೆ ರಾಷ್ಟ್ರೀಯ ಸಮ್ಮೇಳನ ನಡೆದು, ಶಾಸ್ತ್ರ ಬಲ್ಲವರೂ ಕಂಪ್ಯೂಟರ್ ಬಲ್ಲವರೂ ಒಂದೇ ಸಭೆಯಲ್ಲಿ ಕೂತರು.

ಇಷ್ಟು ಪಾಂಡಿತ್ಯ ತುಂಬಿದ ತಂತ್ರಾಂಶ ಇಂದು ಸಂಸ್ಕೃತವನ್ನು ಕಂಪ್ಯೂಟರಿನಲ್ಲಿ ಓದಿಸುವವರ ದಿನನಿತ್ಯದ ಬಳಕೆಯಲ್ಲಿ ಇಲ್ಲ. ಪಾಂಡಿತ್ಯ ಹಳತಾಯಿತೆಂದು ಹೀಗಾಗಲಿಲ್ಲ. ಪಾಣಿನಿ ಹಳತಾಗುವ ಮಾತೇ ಇಲ್ಲ. ಶಾಬ್ದಬೋಧ ನಡೆಯಲು ಡಾಸ್ ಬೇಕಿತ್ತು, ಡಾಸಿನ ಮೇಲೆ ಜಿಸ್ಟ್ ಶೆಲ್ ಬೇಕಿತ್ತು. ಜಿಸ್ಟ್ ಎಂಬುದು ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ತಂತ್ರಜ್ಞಾನ. ಇಂಗ್ಲಿಷ್ ಅಕ್ಷರವನ್ನಷ್ಟೇ ಬಲ್ಲ ಕಂಪ್ಯೂಟರಿನ ಪರದೆಯ ಮೇಲೆ ದೇವನಾಗರಿ, ಕನ್ನಡ, ತಮಿಳು ಅಕ್ಷರಗಳನ್ನು ಮೂಡಿಸಲು ಅದು ಪ್ರೋಗ್ರಾಮಿಗೂ ಪರದೆಗೂ ನಡುವೆ ನಿಂತು ಕೆಲಸ ಮಾಡುತ್ತಿತ್ತು. ಅಂದರೆ ಮೇಲುಕೋಟೆಯ ತಂತ್ರಾಂಶ ತನಗೆ ಬಾರದ ವಿದ್ಯೆಯನ್ನು ಇನ್ನೊಬ್ಬರು ಬರೆದ ಪ್ರೋಗ್ರಾಮಿನಿಂದ ಕರೆದು ಬಳಸಿಕೊಂಡಿತ್ತು. ಆದರೆ ತನ್ನ ವಿದ್ಯೆಯನ್ನು ಇನ್ನೊಂದು ಪ್ರೋಗ್ರಾಂ ಕರೆಯುವ ದಾರಿಯಲ್ಲಿ ಅದು ಬೆಳೆಯಲಿಲ್ಲ. ಮನುಷ್ಯನೊಬ್ಬ ಎದುರು ಕೂತು ಮೆನುವಿನಿಂದ ಆಯ್ದು ಉತ್ತರ ಪಡೆಯಲೆಂದು ಅದನ್ನು ಕಟ್ಟಲಾಗಿತ್ತು. ಯಂತ್ರ ಬದಲಾಯಿತು, ಪರದೆ ಬದಲಾಯಿತು, ಮೆನುವಿನ ಹಿಂದಿದ್ದ ಶಾಸ್ತ್ರ ಮೆನುವಿನೊಂದಿಗೇ ಹಿಂದುಳಿಯಿತು. ಪ್ರೋಗ್ರಾಮೊಂದರ ಆಯುಸ್ಸನ್ನು ಅದನ್ನು ಬರೆದ ಭಾಷೆಯ ಆಯುಸ್ಸಾಗಲಿ ಬರೆದವರ ಪ್ರತಿಭೆಯಾಗಲಿ ನಿರ್ಧರಿಸುವುದಿಲ್ಲ, ಬೇರೆ ಭಾಷೆಯಲ್ಲಿ ಬರೆಯುವವರು ಅದನ್ನು ಕರೆಯಬಲ್ಲರೇ ಎಂಬುದು ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ. ಕಂಪ್ಯೂಟರ್ ಭಾಷೆಗಳ ಕಳೆದ ಐವತ್ತು ವರ್ಷಗಳ ಚರಿತ್ರೆಯಲ್ಲಿ ಇದಕ್ಕೆ ಸಾಕ್ಷ್ಯ ಧಾರಾಳವಾಗಿದೆ.

ಮೊದಲ ಸಾಕ್ಷಿ ಫೋರ್ಟ್ರಾನ್. ಆ ಭಾಷೆಯಲ್ಲಿ ಹೊಸದಾಗಿ ಬರೆಯುವ ತರುಣರು ಇಂದು ವಿರಳ. ಆದರೂ ಅದರಲ್ಲಿ ಬರೆದ ಗಣಿತ ಎಲ್ಲೆಲ್ಲೂ ಓಡುತ್ತಿದೆ. 1979ರಲ್ಲಿ ಪ್ರಕಟವಾದ ಬ್ಲಾಸ್, ಅದೇ ವರ್ಷದ ಲಿನ್‌ಪ್ಯಾಕ್, 1992ರ ಲ್ಯಾಪ್ಯಾಕ್ ಇವು ಸಮೀಕರಣಗಳ ಗುಂಪನ್ನು ಬಿಡಿಸುವ, ಮಾತೃಕೆಗಳನ್ನು ಗುಣಿಸುವ ಫೋರ್ಟ್ರಾನ್ ಲೈಬ್ರರಿಗಳು. ಜ್ಯಾಕ್ ಡೊಂಗಾರಾ ಈ ಕೆಲಸಕ್ಕಾಗಿ 2021ರ ಟ್ಯೂರಿಂಗ್ ಪ್ರಶಸ್ತಿ ಪಡೆದರು. ಇವುಗಳ ಮೂಲ ಬರಹ ಗುಟ್ಟಾಗಿರಲಿಲ್ಲ. 1985ರಿಂದ ನೆಟ್‌ಲಿಬ್ ಎಂಬ ವ್ಯವಸ್ಥೆಗೆ ಇಮೇಲ್ ಕಳಿಸಿದರೆ ಬೇಕಾದ ಭಾಗ ಮರಳಿ ಇಮೇಲಿನಲ್ಲಿ ಬರುತ್ತಿತ್ತು. ಬ್ರಿಗ್ಸ್ ಲೇಖನ ಬಂದದ್ದೂ ಅದೇ ವರ್ಷ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಕ್ಲೀವ್ ಮೋಲರ್ ಮ್ಯಾಟ್‌ಲ್ಯಾಬ್ ಬರೆದದ್ದೇ ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯದೆ ಲಿನ್‌ಪ್ಯಾಕಿನಂಥ ಲೈಬ್ರರಿಗಳನ್ನು ಬಳಸಲಿ ಎಂದು. ಪೈಥಾನಿನಲ್ಲಿ ಇಂದು ವಿದ್ಯಾರ್ಥಿಯೊಬ್ಬಳು ನಮ್‌ಪೈ ಎಂಬ ಲೈಬ್ರರಿ ಬಳಸಿ ಸಮೀಕರಣ ಬಿಡಿಸಿದರೆ, ಒಳಗೆ ನಡೆಯುವುದು ಲ್ಯಾಪ್ಯಾಕಿನ ‘ಡಿಜಿಇಎಸ್‌ವಿ’ ಎಂಬ ಕ್ರಮವಿಧಿ. ಆ ಹೆಸರು ಅಷ್ಟು ಮೊಟಕಾಗಿರುವುದಕ್ಕೂ ಕಾರಣವಿದೆ: ಹಳೆಯ ಫೋರ್ಟ್ರಾನ್ ಆರು ಅಕ್ಷರಕ್ಕಿಂತ ಉದ್ದದ ಹೆಸರನ್ನು ಒಪ್ಪುತ್ತಿರಲಿಲ್ಲ. ಮಿತಿ ಹಾಕಿದ ಭಾಷೆ ಹಿನ್ನೆಲೆಗೆ ಸರಿದಿದೆ, ಮಿತಿಯೊಳಗೆ ಬರೆದ ಗಣಿತ ಮಾತ್ರ ನಿತ್ಯವೂ ದುಡಿಯುತ್ತಿದೆ.

ಹೀಗೆ ಇನ್ನೊಬ್ಬರ ವಿದ್ಯೆಯನ್ನು ಕರೆದು ಬಳಸಿಯೇ ಪೈಥಾನ್ ದೊಡ್ಡದಾಯಿತು. ಗಿಡೋ ವಾನ್ ರೋಸಮ್ 1991ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಅದನ್ನು ಹೊರತಂದಾಗ ಅದು ನಿಧಾನದ, ಆದರೆ ಓದಲು ಹಿತವಾದ ಭಾಷೆ. ಸಿ ಭಾಷೆಯಲ್ಲಿ ಬರೆದ ಭಾಗಗಳನ್ನು ಜೋಡಿಸಿಕೊಳ್ಳುವ ಬಾಗಿಲು ಅದಕ್ಕೆ ಆರಂಭದಿಂದಲೂ ಇತ್ತು. 1995ರಲ್ಲಿ ಜಿಮ್ ಹುಗುನಿನ್ ಬರೆದ ನ್ಯೂಮೆರಿಕ್, 2006ರಲ್ಲಿ ಟ್ರಾವಿಸ್ ಒಲಿಫಾಂಟ್ ಪೂರ್ಣಗೊಳಿಸಿದ ನಮ್‌ಪೈ ಇವೆಲ್ಲ ಆ ಬಾಗಿಲಿನಿಂದ ಒಳಬಂದವು. ಮುಂದೆ ವಿಜ್ಞಾನಿಗಳು, ಅಂಕಿಅಂಶದವರು, ಕೃತಕ ಬುದ್ಧಿಮತ್ತೆಯವರು ತಮ್ಮ ಕೆಲಸವನ್ನೆಲ್ಲ ಅಲ್ಲೇ ರಾಶಿ ಹಾಕಿದ್ದರಿಂದ ಚಕ್ರ ತಿರುಗಿತು: ಈಗ ಬೇರೆ ಭಾಷೆಯವರು ಪೈಥಾನಿನ ಲೈಬ್ರರಿಯನ್ನು ಕರೆಯತೊಡಗಿದರು. ಜಾವಾದವರಿಗಾಗಿ ಅದೇ ಹುಗುನಿನ್ 1997ರಲ್ಲಿ ಜೆಪೈಥಾನ್ ಕಟ್ಟಿದ್ದರು. ಅದೇ ಜೈಥಾನ್ ಆಯಿತು. ಜೂಲಿಯಾ ಭಾಷೆ 2012ರಲ್ಲಿ ಬೆಳಕಿಗೆ ಬಂದ ಸ್ವಲ್ಪ ಕಾಲದಲ್ಲೇ ಪೈಕಾಲ್ ಎಂಬ ಸೇತುವೆ ಪಡೆಯಿತು. ಮ್ಯಾಟ್‌ಲ್ಯಾಬ್ 2014ರಲ್ಲಿ ಪೈಥಾನನ್ನು ನೇರವಾಗಿ ಕರೆಯುವ ಸೌಲಭ್ಯ ಕೊಟ್ಟಿತು. ಆರ್ ಭಾಷೆಯವರಿಗೆ ರೆಟಿಕ್ಯುಲೇಟ್ ಬಂದಿತು. ಆರ್‌ನ ಒಳಗೇ ಪೈಥಾನ್ ಯಂತ್ರವೊಂದು ಎದ್ದು ಕೂತು, ಇಲ್ಲಿನ ಕೋಷ್ಟಕ ಅಲ್ಲಿಗೆ ಹೋಗಿ ಲೆಕ್ಕವಾಗಿ ಮರಳುತ್ತದೆ. ಆರ್‌ನಲ್ಲಿ ಕೆರಾಸ್ ಬಳಸಿ ನರಜಾಲ ತರಬೇತಿ ಮಾಡುವವರು ಬಹುಕಾಲ ಬಳಸಿದ್ದು ಹೀಗೆ ಕರೆತಂದ ಪೈಥಾನನ್ನೇ. 2023ರಲ್ಲಿ ಎಕ್ಸೆಲ್ ಕೂಡ ತನ್ನ ಮನೆಗಳ ಒಳಗೆ ಪೈಥಾನ್ ಬರೆಯಲು ಅವಕಾಶ ಮಾಡಿತು. ಟಾರ್ಚ್ ಎಂಬ ನರಜಾಲದ ಲೈಬ್ರರಿಯ ಕಥೆ ಇನ್ನೂ ಸ್ಪಷ್ಟ. ಅದನ್ನು ಬಳಸಲು ಲುವಾ ಭಾಷೆ ಬೇಕಿತ್ತು. ಲೆಕ್ಕ ಮಾಡುವ ಭಾಗ ಮಾತ್ರ ಸಿ ಭಾಷೆಯಲ್ಲಿ ಬೇರೆಯಾಗಿ ಇದ್ದುದರಿಂದ ಅದಕ್ಕೆ ಪೈಥಾನಿನ ಮುಖ ತೊಡಿಸಿ ಪೈಟಾರ್ಚ್ ಮಾಡಲು ಸಾಧ್ಯವಾಯಿತು. ಲುವಾದ ಮುಖ ಮರೆಯಾಯಿತು, ಬೆನ್ನೆಲುಬು ಉಳಿಯಿತು.

ಕರೆಯುವುದು ಎಂದರೆ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು, ಯಾಕೆಂದರೆ ಕಷ್ಟವೆಲ್ಲ ಅಲ್ಲೇ ಇದೆ. ಸಿ ಭಾಷೆಯ ಪ್ರೋಗ್ರಾಮೊಂದು ಪದಗಳನ್ನು ಬಿಡಿಸುವ ಪೈಥಾನ್ ಲೈಬ್ರರಿಗೆ ‘ಚೆಲುವನಾರಾಯಣ’ ಎಂಬ ಪದವನ್ನು ಕಳಿಸಿ, ಸಮಾಸ ಎಲ್ಲಿ ಒಡೆಯುತ್ತದೆ ಎಂದು ಕೇಳುತ್ತದೆ ಎಂದಿಟ್ಟುಕೊಳ್ಳೋಣ. ಓದುವವರ ಕಣ್ಣಿಗೆ ಆ ಪದದಲ್ಲಿ ಇರುವುದು 7 ಅಕ್ಷರ. ಯೂನಿಕೋಡ್ ಸ್ವರಚಿಹ್ನೆಗಳನ್ನು ಬೇರೆಯಾಗಿ ಎಣಿಸುವುದರಿಂದ ಪೈಥಾನಿನ ಎಣಿಕೆಯಲ್ಲಿ ಅದು 11. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಚಿಹ್ನೆಗೂ 3 ಬೈಟ್ ಹಿಡಿಯುವುದರಿಂದ ಸಿ ಭಾಷೆಗೆ ಅದು 33. ‘ಚೆಲುವ’ ಮುಗಿಯುವುದು 5ನೇ ಸ್ಥಾನದಲ್ಲಿ ಎಂದು ಪೈಥಾನ್ ಸರಿಯಾಗಿಯೇ ಉತ್ತರ ಕೊಡುತ್ತದೆ. ಆ ಐದನ್ನು ಬೈಟುಗಳ ಐದು ಎಂದು ಓದಿಕೊಂಡ ಪ್ರೋಗ್ರಾಂ ‘ಚ’ದ ನಂತರ, ಎತ್ವದ ನಟ್ಟನಡುವೆ ಕತ್ತರಿಸಿ ಪರದೆಯ ಮೇಲೆ ಅರ್ಥವಿಲ್ಲದ ಚೌಕವನ್ನು ಮೂಡಿಸುತ್ತದೆ. ಎರಡು ಕಡೆಯವರೂ ತಪ್ಪು ಮಾಡಿಲ್ಲ. ನಡುವಿನ ಒಪ್ಪಂದ ತಪ್ಪಿದೆ. ಇದರ ಜೊತೆಗೆ ಜ್ಞಾಪಕದ ಲೆಕ್ಕವಿದೆ. ಒಂದು ವಸ್ತುವನ್ನು ಎಷ್ಟು ಜನ ಹಿಡಿದುಕೊಂಡಿದ್ದಾರೆ ಎಂದು ಪೈಥಾನ್ ಎಣಿಸುತ್ತಿರುತ್ತದೆ, ಎಣಿಕೆ ಸೊನ್ನೆಗೆ ಇಳಿದಾಗ ಅದನ್ನು ಅಳಿಸುತ್ತದೆ. ಹೊರಗಿನಿಂದ ಕರೆದ ಭಾಷೆ ತಾನು ಹಿಡಿದದ್ದನ್ನು ಹೇಳದಿದ್ದರೆ ಬಳಸುತ್ತಿರುವಾಗಲೇ ವಸ್ತು ಮಾಯ. ಬಿಟ್ಟದ್ದನ್ನು ಹೇಳದಿದ್ದರೆ ಕಸ ಬೆಳೆಯುತ್ತಲೇ ಹೋಗುತ್ತದೆ. ಒಳ್ಳೆಯ ಸೇತುವೆ ಬರೆಯುವವರು ಈ ಎಲ್ಲವನ್ನೂ ಬಳಸುವವರ ಕಣ್ಣಿಗೆ ಬೀಳದಂತೆ ನಿಭಾಯಿಸುತ್ತಾರೆ, ಅವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಈ ಬಗೆಯ ಒಪ್ಪಂದ ಮೇಲುಕೋಟೆಗೆ ಹೊಸದಲ್ಲ. ಹೊಯ್ಸಳರ ಕಾಲದಲ್ಲಿ, ವಿಷ್ಣುವರ್ಧನನ ನಾಡಿಗೆ ಬಂದ ರಾಮಾನುಜರು ಪರಂಪರೆಯ ಪ್ರಕಾರ ಸುಮಾರು 12 ವರ್ಷ ಇಲ್ಲಿ ನೆಲೆಸಿದರು. ಅವರ ಸಂಪ್ರದಾಯ ಸಂಸ್ಕೃತ ವೇದವನ್ನೂ ಆಳ್ವಾರುಗಳ ತಮಿಳು ಪಾಸುರಗಳನ್ನೂ ಸಮಾನ ಪ್ರಮಾಣವೆಂದು ಒಪ್ಪಿದ ಉಭಯವೇದಾಂತ. ಕನ್ನಡ ನೆಲದ ದೇವಸ್ಥಾನದಲ್ಲಿ ಪೂಜೆ ಸಂಸ್ಕೃತದ ಪಾಂಚರಾತ್ರ ಕ್ರಮದಲ್ಲಿ, ಗೋಷ್ಠಿಯ ಪಾರಾಯಣ ತಮಿಳಿನ ನಾಲ್ಕು ಸಾವಿರ ಪಾಸುರಗಳಲ್ಲಿ, ಸುತ್ತಲ ಮಾತು ಕನ್ನಡದಲ್ಲಿ. ಇಲ್ಲಿನವರು ಪಾಸುರಗಳನ್ನು ಪಾರಾಯಣಕ್ಕಾಗಿ ಕನ್ನಡಕ್ಕೆ ಅನುವಾದಿಸಿಕೊಳ್ಳಲಿಲ್ಲ. ಲಿಪಿಯನ್ನು ಮಾತ್ರ ಬದಲಿಸಿ, ತಮಿಳನ್ನು ತಮಿಳಾಗಿಯೇ ಕನ್ನಡ ಅಕ್ಷರದಲ್ಲಿ ಬರೆದು, ಮುದ್ರಿಸಿ ಓದಿದರು. ಅಲ್ಲಿಯೂ ಗಡಿಯ ಮೇಲಿನ ತೊಡಕು ಸೂಕ್ಷ್ಮವಾದದ್ದು. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಕನ್ನಡದಲ್ಲಿ ಬರೆಯುವವರು ಪ್ರತಿ ಸಲವೂ ಉಚ್ಚಾರಣೆ ಬಲ್ಲವರಾಗಿ ಒಂದನ್ನು ಆರಿಸಬೇಕು. ತಮಿಳಿನ ವಿಶಿಷ್ಟ ಳಕಾರಕ್ಕೆ ಸಾಟಿಯಾದ ಅಕ್ಷರ ಹಳಗನ್ನಡದಲ್ಲಿತ್ತು, ಬಳಕೆಯಿಂದ ಬಿದ್ದುಹೋಗಿದೆ. ಆದ್ದರಿಂದ ತಿರುವಾಯ್‌ಮೊಳಿ ಎಂದು ಸಾಮಾನ್ಯ ಳಕಾರದಿಂದಲೇ ಬರೆಯುವುದು ರೂಢಿ, ಸರಿಯಾದ ನಾದವನ್ನು ಗುರುವಿನ ಬಾಯಿಂದ ಕೇಳಿ ತುಂಬಿಕೊಳ್ಳಬೇಕು. ಒಂದು ಭಾಷೆಯ ಭಂಡಾರವನ್ನು ಇನ್ನೊಂದು ಭಾಷೆಯ ಒಳಗಿನಿಂದ ಬಳಸುವಾಗ ಯಾವುದು ಹಾಗೆಯೇ ದಾಟುತ್ತದೆ, ಯಾವುದನ್ನು ಬಲ್ಲವರು ಕೂಡಿಸಬೇಕು ಎಂಬ ತಿಳಿವಳಿಕೆ ಇದು. ಪಾಸುರ ಪವಿತ್ರ ವಾಣಿ, ಲೈಬ್ರರಿ ಬರಿಯ ಉಪಕರಣ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದೇ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಇಡಲಾಗದು. ನಾನು ಹೇಳುತ್ತಿರುವುದು ಕ್ರಮದ ವಿಷಯ ಮಾತ್ರ: ಮೂಲವನ್ನು ಮೂಲವಾಗಿಯೇ ಇಟ್ಟು, ಗಡಿಯಲ್ಲಿ ಒಂದು ಖಚಿತ ಪದ್ಧತಿಯನ್ನು ನಿಲ್ಲಿಸಿ, ಆ ಪದ್ಧತಿಯನ್ನು ತಲೆಮಾರಿನಿಂದ ತಲೆಮಾರಿಗೆ ಕಲಿಸಿದ್ದರಿಂದ ಆ ಭಂಡಾರ ಇಲ್ಲಿ ಬಾಳಿತು.

ಇನ್ನು ಆಕ್ಷೇಪಗಳು. ಕೆಲಸ ಬಲ್ಲವರು ಮೊದಲು ಹೇಳುವುದು ವೇಗದ ಮಾತು: ಗಡಿ ದಾಟುವ ಪ್ರತಿ ಸಲವೂ ಸುಂಕ ಕೊಡಬೇಕು, ಸೇತುವೆಯ ಮೇಲೆ ನಿಂತ ಪ್ರೋಗ್ರಾಂ ಎಂದಿಗೂ ನಿಧಾನವೇ. ಒಂದೊಂದು ಸಂಖ್ಯೆಗೂ ಒಂದೊಂದು ಸಲ ದಾಟಿದರೆ ಈ ಮಾತು ಪೂರ್ತಿ ನಿಜ. ಹತ್ತು ಲಕ್ಷ ಸಂಖ್ಯೆಗಳನ್ನು ಒಂದೇ ಗಂಟಾಗಿ ಕಳಿಸಿದರೆ ಸುಂಕ ಲೆಕ್ಕಕ್ಕೇ ಬರುವುದಿಲ್ಲ. 2016ರಲ್ಲಿ ಶುರುವಾದ ಅಪಾಚೆ ಆರೋ ಯೋಜನೆ ಇನ್ನೂ ಮುಂದೆ ಹೋಗಿ, ಕೋಷ್ಟಕವನ್ನು ಜ್ಞಾಪಕದಲ್ಲಿ ಹೇಗೆ ಜೋಡಿಸಿಡಬೇಕು ಎಂಬುದಕ್ಕೆ ಎಲ್ಲ ಭಾಷೆಗಳೂ ಒಪ್ಪುವ ಒಂದು ಮಾದರಿ ಕೊಟ್ಟಿತು. ಈಗ ಪೈಥಾನ್, ಆರ್, ರಸ್ಟ್ ಒಂದೇ ಕೋಷ್ಟಕವನ್ನು ನಕಲು ಮಾಡದೆ ಓದಬಲ್ಲವು. ಪೈಥಾನಿನ ಜಿಐಎಲ್ ಎಂಬ ಬೀಗ ಒಂದು ಹೊತ್ತಿಗೆ ಕೆಲಸದ ಒಂದೇ ಎಳೆಯನ್ನು (ಥ್ರೆಡ್) ನಡೆಯಗೊಡುತ್ತದೆ, ಹತ್ತು ಎಳೆಗಳಲ್ಲಿ ಓಡುವ ಭಾಷೆ ಅದನ್ನು ಕರೆದರೆ ಸಾಲು ನಿಲ್ಲಬೇಕು ಎಂಬುದು ಬಹುಕಾಲದ ದೂರು. ಆ ದೂರಿಗೆ ಕಿವಿಗೊಟ್ಟು 2024ರ ಅಕ್ಟೋಬರಿನ 3.13ನೇ ಆವೃತ್ತಿಯಲ್ಲಿ ಬೀಗವಿಲ್ಲದ ಪೈಥಾನನ್ನು ಪ್ರಯೋಗವಾಗಿ ಕೊಟ್ಟರು. ಇದಕ್ಕಿಂತ ಭಾರವಾದ ಆಕ್ಷೇಪ ನಿರ್ವಹಣೆಯದು. ಎರಡು ಭಾಷೆ ಎಂದರೆ ಎರಡರ ಆವೃತ್ತಿಗಳು, ಎರಡರ ಸ್ಥಾಪನೆ, ಒಂದರಲ್ಲಿ ಬದಲಾದರೆ ಇನ್ನೊಂದರಲ್ಲಿ ಒಡೆಯುವ ಭಯ. 2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲ ನಿಂತಾಗ ಅದರ ಮೇಲೆ ನಿಂತಿದ್ದ ಎಷ್ಟೋ ಸೇತುವೆಗಳಿಗೆ ಇದು ಬಿಸಿ ಮುಟ್ಟಿಸಿತು; ಜೈಥಾನ್ ಇಂದಿಗೂ ಪೈಥಾನ್ 2.7ರಲ್ಲೇ ನಿಂತಿದೆ. ಸೇತುವೆ ಕಟ್ಟಿದರಷ್ಟೇ ಸಾಲದು, ಕಾಯುವವರೂ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಪರ್ಯಾಯದ ಬೆಲೆಯನ್ನೂ ನೋಡಬೇಕು. ಪ್ರತಿ ಭಾಷೆಯಲ್ಲೂ ಎಲ್ಲವನ್ನೂ ಹೊಸದಾಗಿ ಬರೆಯುವುದೆಂದರೆ ಮೂವತ್ತಕ್ಕೂ ಹೆಚ್ಚು ವರ್ಷ ತಿದ್ದಿ ಪಳಗಿಸಿದ ಲ್ಯಾಪ್ಯಾಕಿನ ದೋಷಗಳನ್ನು ಮತ್ತೆ ಮೊದಲಿಂದ ಹುಟ್ಟಿಸುವುದು.

ಮನಸ್ಸಿಗೆ ಹೆಚ್ಚು ತಾಕುವ ಆಕ್ಷೇಪ ಸ್ವಾವಲಂಬನೆಯದು. ಎರವಲು ತಂದು ಬಾಳುವ ಭಾಷೆ ತನ್ನದೆಂಬ ಸಂಪತ್ತನ್ನು ಎಂದು ಬೆಳೆಸೀತು? ಚರಿತ್ರೆ ಕೊಡುವ ಉತ್ತರ ಭಯಪಡುವವರ ಪರವಾಗಿಲ್ಲ. ಜೂಲಿಯಾದವರು ಮೊದಮೊದಲು ಚಿತ್ರ ಬರೆಯಲು ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್ಬನ್ನು ಕರೆದರು; ಆ ಬಲದಿಂದ ಬಳಸುವವರು ಕೂಡಿದ ಮೇಲೆ ಮಾಕಿ ಎಂಬ ತಮ್ಮದೇ ಲೈಬ್ರರಿ ಬರೆದರು. ಪೈಥಾನ್ ಸ್ವತಃ ಫೋರ್ಟ್ರಾನಿನ ಎರವಲಿನ ಮೇಲೆ ನಿಂತೇ ತನ್ನ ಸಂಪತ್ತು ಬೆಳೆಸಿತು. ಸಂಸ್ಕೃತದ ಕ್ಷೇತ್ರವನ್ನೇ ನೋಡಿದರೂ ಸರಿ. ಪ್ಯಾರಿಸ್ಸಿನಲ್ಲಿ ಜೆರಾರ್ ಯುಎ ಅವರ ಪದವಿಚ್ಛೇದದ ಯಂತ್ರ ಓಕ್ಯಾಮ್ಲ್ ಭಾಷೆಯಲ್ಲಿದೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅಂಬಾ ಕುಲಕರ್ಣಿಯವರ ಸಂಸಾಧನಿ ಬೇರೆ ಉಪಕರಣಗಳಿಂದ ಕಟ್ಟಿದ್ದು. ಎರಡೂ ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ದಾಟಿಸುವಂತೆ ಹೊಂದಿಕೊಂಡಿವೆ. ಅಷ್ಟಾಧ್ಯಾಯಿಯ ಸೂತ್ರಗಳಂತೆ ಪದಗಳನ್ನು ಹುಟ್ಟಿಸುವ ‘ವಿದ್ಯುತ್’ ಎಂಬ ಮುಕ್ತ ಲೈಬ್ರರಿ ರಸ್ಟ್ ಭಾಷೆಯಲ್ಲಿದೆ, ಪೈಥಾನಿನಿಂದ ಕರೆಯಬಹುದು. ಯಾವ ಭಾಷೆಯಲ್ಲಿ ಬರೆದಿದೆ ಎಂಬುದು ಇಲ್ಲಿ ಯಾರಿಗೂ ತೊಡಕಾಗಿಲ್ಲ. ತೊಡಕು ಬಂದದ್ದು ಬಾಗಿಲಿಲ್ಲದ ಕಡೆ, ಮತ್ತು ಕನ್ನಡಿಗರಿಗೆ ಆ ಅನುಭವ ಚೆನ್ನಾಗಿಯೇ ಇದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಬರೆದದ್ದು ಅಕ್ಷರವಾಗಿ ಉಳಿಯದೆ ಆಯಾ ಫಾಂಟಿನ ತುಂಡುಗಳ ಸಂಕೇತವಾಗಿ ಉಳಿಯಿತು. ಪುಸ್ತಕಗಟ್ಟಲೆ ಬರಹ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಬೇರೆ ಪ್ರೋಗ್ರಾಮಿಗೆ ಕನ್ನಡವೇ ಅಲ್ಲ. ಹುಡುಕಲು ಬಾರದು, ವಿಂಗಡಿಸಲು ಬಾರದು. ಅದನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಆಸಕ್ತರು ಬರೆದು ಹಂಚಿದ ಮೇಲೆಯೇ ಆ ಬರಹಕ್ಕೆ ಮರುಜೀವ ಬಂದಿತು.

ಹಾಗಾದರೆ ಮೇಲುಕೋಟೆಯ ವಿದ್ವಾಂಸರು ತಪ್ಪಿದರೇ ಎಂದು ಕೇಳಬಹುದು. ಆ ತೀರ್ಪು ಅನ್ಯಾಯವಾದೀತು. ಡಾಸ್ ಯಂತ್ರಗಳಲ್ಲಿ ಪ್ರೋಗ್ರಾಮುಗಳಿಗೆ ಸಾಮಾನ್ಯವಾಗಿ ದೊರೆಯುತ್ತಿದ್ದ ಜ್ಞಾಪಕ 640 ಕಿಲೋಬೈಟ್. ಭಾರತೀಯ ಲಿಪಿಗಳಿಗೆ ಇಸ್ಕಿ ಎಂಬ ಮಾನಕ ಗಟ್ಟಿಯಾದದ್ದು 1991ರಲ್ಲಿ, ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದೂ ಅದೇ ವರ್ಷ. ಸಂಸ್ಕೃತದ ಇನ್ನೊಂದು ಪ್ರೋಗ್ರಾಂ ಬಂದು ಬಾಗಿಲು ತಟ್ಟೀತು ಎಂದು ಊಹಿಸಲು ಅಂಥ ಪ್ರೋಗ್ರಾಮುಗಳು ದೇಶದಲ್ಲಿ ಬೆರಳೆಣಿಕೆಯಷ್ಟೂ ಇರಲಿಲ್ಲ; ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿ ಪಿ. ರಾಮಾನುಜನ್ ಅವರು ಕಟ್ಟಿದ ‘ದೇಶಿಕ’ದಂಥ ಒಂದೆರಡನ್ನು ಬಿಟ್ಟರೆ ಎಲ್ಲ ಹೊಸ ನೆಲ. ಆ ಮಿತಿಗಳ ನಡುವೆ ಅವರು ಮಾಡಿದ್ದು ದೊಡ್ಡ ಕೆಲಸ. ನೆಟ್‌ಲಿಬ್‌ನವರಿಗೆ ಇದ್ದು ಇವರಿಗೆ ಇಲ್ಲದಿದ್ದದ್ದು ಪ್ರತಿಭೆಯಲ್ಲ, ಬರೆದದ್ದನ್ನು ಮೂಲ ರೂಪದಲ್ಲೇ ಎಲ್ಲರಿಗೂ ಹಂಚುವ ವ್ಯವಸ್ಥೆ. ಆ ವ್ಯವಸ್ಥೆ ಇಂದು ಬಿಟ್ಟಿಯಾಗಿ ಸಿಗುತ್ತದೆ, ಆದ್ದರಿಂದ ಇಂದಿನವರಿಗೆ ಆ ಸಬೂಬು ಉಳಿದಿಲ್ಲ. ಸರ್ಕಾರದ ಹಣದಿಂದ ಕನ್ನಡಕ್ಕೋ ಸಂಸ್ಕೃತಕ್ಕೋ ತಂತ್ರಾಂಶ ಮಾಡಿಸುವ ಅಕಾಡೆಮಿಗಳು, ವಿಶ್ವವಿದ್ಯಾಲಯಗಳು, ಇಲಾಖೆಗಳು ಒಪ್ಪಂದದ ಕಾಗದದಲ್ಲಿ ಎರಡು ಸಾಲು ಸೇರಿಸಲಿ: ಮೂಲ ಬರಹ ಸಾರ್ವಜನಿಕವಾಗಿರಬೇಕು, ಮತ್ತು ಪರದೆಯ ಗುಂಡಿಗಳನ್ನು ಒತ್ತದೆ ಬೇರೆ ಪ್ರೋಗ್ರಾಮಿನಿಂದ ಅದನ್ನು ಕರೆಯಲು ಬರಬೇಕು. ಹಳೆಯ ಫ್ಲಾಪಿಗಳೂ ಮುದ್ರಿತ ಪ್ರತಿಗಳೂ ಯಾರ ಬಳಿ ಉಳಿದಿದ್ದರೂ, ಅವುಗಳನ್ನು ಬರೆದವರು ನಮ್ಮ ನಡುವೆ ಇರುವಾಗಲೇ ಹೊರತೆಗೆದು ಓದಿಸಿಡಲಿ.